ಬರ್ಗಂಡಿ ವೈನ್: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿಗೆ ಓದಲು, ಕೆಲಸಕ್ಕೆ ಅಥವಾ ಪ್ರವಾಸಕ್ಕೆ ಹೊರಟವರು, ಅಲ್ಲಿಂದ ಬಂದ ಬಾಟಲಿಯನ್ನು ಕೈಯಲ್ಲಿ ಹಿಡಿದು ಲೇಬಲ್ ಅರ್ಥವಾಗದೆ ನಿಂತವರು ಕೇಳುತ್ತಾ ಬಂದಿರುವ ಪ್ರಶ್ನೆಗಳಿವು. ಸುಲಭವಾದವು ಮೊದಲು, ಜಟಿಲವಾದವು ಕೊನೆಗೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಬರ್ಗಂಡಿಯ ಬಾಟಲಿ ಕೊಳ್ಳುವಾಗ ತೋಟದ ದರ್ಜೆಗಿಂತ ಮೊದಲು ವೈನ್ ಮಾಡಿದವರ ಹೆಸರನ್ನು ನೋಡಬೇಕು. ಕೆಳಗಿನ ಹಲವು ಉತ್ತರಗಳ ಹಿಂದೆ ಇರುವುದು ಇದೇ ನಂಬಿಕೆ.

## ಮೊದಲ ಪರಿಚಯ

ಬರ್ಗಂಡಿ ಎನ್ನುವುದು ವೈನಿನ ಹೆಸರೋ, ಊರಿನ ಹೆಸರೋ?

ಪ್ರದೇಶದ ಹೆಸರು. ಫ್ರೆಂಚರು ಬೂರ್ಗೋಞ್ ಎನ್ನುತ್ತಾರೆ. ಬಾಟಲಿಯ ಮೇಲೆ ಇರುವುದೂ ಅದೇ. ಪ್ಯಾರಿಸ್‌ನಿಂದ ಆಗ್ನೇಯಕ್ಕೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಗೆ ತುಸು ಹೆಚ್ಚು ಸಾಗಿದರೆ ದಿಜೋಂ ನಗರ ಸಿಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಬೋನ್ ಪಟ್ಟಣವನ್ನು ದಾಟಿ ಮಾಕೋಂ ತನಕ ಬೆಟ್ಟಸಾಲಿನ ಬುಡದಲ್ಲಿ ದ್ರಾಕ್ಷಿ ತೋಟಗಳು ಹಬ್ಬಿವೆ. ಷಾಬ್ಲಿ ಮಾತ್ರ ಈ ಸಾಲಿನಿಂದ ಬೇರ್ಪಟ್ಟು ದೂರದ ವಾಯವ್ಯದಲ್ಲಿದೆ.

ಉತ್ತರದಿಂದ ಲೆಕ್ಕ ಹಾಕಿದರೆ ಐದು ಭಾಗಗಳು. ಷಾಬ್ಲಿಯಲ್ಲಿ ಹರಿತವಾದ ಬಿಳಿ ವೈನ್. ದಿಜೋಂ ಕೆಳಗಿನ ಕೋತ್ ದ ನ್ವಿಯಲ್ಲಿ ಹೆಚ್ಚೂಕಡಿಮೆ ಎಲ್ಲವೂ ಕೆಂಪು. ಬೋನ್ ಸುತ್ತಲಿನ ಕೋತ್ ದ ಬೋನ್‌ನಲ್ಲಿ ಕೆಂಪೂ ಉಂಟು, ಜಗತ್ತು ಹುಡುಕಿಕೊಂಡು ಬರುವ ಬಿಳಿಯೂ ಉಂಟು. ಇವೆರಡನ್ನೂ ಸೇರಿಸಿ ಕೋತ್ ದೋರ್ ಎನ್ನುತ್ತಾರೆ. ಅದರ ದಕ್ಷಿಣಕ್ಕೆ ಕೋತ್ ಶಾಲೋನೇಸ್, ಕೊನೆಗೆ ಮಾಕೋನೆ. ಎಲ್ಲ ಸೇರಿ ಸುಮಾರು 30,000 ಹೆಕ್ಟೇರ್. ಫ್ರಾನ್ಸಿನ ಇನ್ನೊಂದು ಹೆಸರಾಂತ ವೈನ್ ಸೀಮೆಯಾದ ಬೋರ್ಡೋ ಇದರ ಸುಮಾರು ಮೂರು ಪಟ್ಟು ದೊಡ್ಡದು.

ಲೇಬಲ್ ಮೇಲೆ ದ್ರಾಕ್ಷಿಯ ಹೆಸರೇ ಇಲ್ಲವಲ್ಲ, ಯಾವ ದ್ರಾಕ್ಷಿ ಎಂದು ತಿಳಿಯುವುದು ಹೇಗೆ?

ಬಣ್ಣ ನೋಡಿದರೆ ಸಾಕು. ಕೆಂಪಾದರೆ ಪಿನೋ ನ್ವಾರ್, ಬಿಳಿಯಾದರೆ ಶಾರ್ಡೊನೆ. ಕೆಲವೇ ಅಪವಾದಗಳಿವೆ: ಅಲಿಗೋತೆ ಎಂಬ ಇನ್ನೊಂದು ಬಿಳಿ ದ್ರಾಕ್ಷಿಯಿಂದ ಮಾಡಿದ್ದಾದರೆ ಆ ಹೆಸರನ್ನು ಸಾಮಾನ್ಯವಾಗಿ ಲೇಬಲ್ ಮೇಲೆ ಬರೆಯುತ್ತಾರೆ, ದಕ್ಷಿಣದಲ್ಲಿ ಗಾಮೇ ಎಂಬ ಕೆಂಪು ದ್ರಾಕ್ಷಿಯೂ ಬೆಳೆಯುತ್ತದೆ. ಬೋರ್ಡೋದಲ್ಲಿ ಹಲವು ದ್ರಾಕ್ಷಿಗಳ ರಸವನ್ನು ಬೆರೆಸುತ್ತಾರೆ. ಬರ್ಗಂಡಿಯಲ್ಲಿ ಒಂದು ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದೇ ದ್ರಾಕ್ಷಿ. ಆದ್ದರಿಂದಲೇ ಒಂದು ವೈನಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ನೆಲದಲ್ಲಿ, ಮಾಡುವವರ ಕೈಯಲ್ಲಿ ಹುಡುಕುತ್ತಾರೆ.

ಈ ದ್ರಾಕ್ಷಿಗಳು ಒಂದೇ ಕುಟುಂಬದವು ಎನ್ನುವುದು ನನಗೆ ಇಂದಿಗೂ ಅಚ್ಚರಿಯ ಸಂಗತಿ. 1999ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಿಂದ ತಿಳಿದದ್ದೇನೆಂದರೆ, ಶಾರ್ಡೊನೆ, ಗಾಮೇ, ಅಲಿಗೋತೆ ಈ ಮೂರೂ ಪಿನೋ ಮತ್ತು ಗ್ವೇ ಬ್ಲಾಂ ಎಂಬ ಎರಡು ಬಳ್ಳಿಗಳ ಮಕ್ಕಳು. ಗ್ವೇ ಬ್ಲಾಂ ಅನ್ನು ಕೀಳು ದ್ರಾಕ್ಷಿಯೆಂದು ಮಧ್ಯಯುಗದಿಂದಲೂ ಹಳಿಯುತ್ತಾ ಬಂದಿದ್ದರು.

ಕೆಂಪು ಬರ್ಗಂಡಿ ಕುಡಿದೆ, ನೀರು ನೀರಾಗಿತ್ತು. ಇದಕ್ಕೇ ಇಷ್ಟು ಹೆಸರೇ?

ನಾಸಿಕ್‌ನ ಶಿರಾಜ್ ಅಥವಾ ಆಸ್ಟ್ರೇಲಿಯದ ಕಡುಗೆಂಪು ವೈನ್ ಕುಡಿದು ರೂಢಿಯಾದವರಿಗೆಲ್ಲ ಮೊದಲು ಅನ್ನಿಸುವುದು ಇದೇ. ಪಿನೋ ನ್ವಾರ್ ದ್ರಾಕ್ಷಿಯ ಸಿಪ್ಪೆ ತೆಳು. ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದ. ಹಾಗಾಗಿ ವೈನ್ ತಿಳಿಯಾಗಿರುತ್ತದೆ. ಲೋಟದ ಹಿಂದೆ ಕಾಗದ ಹಿಡಿದರೆ ಅಕ್ಷರ ಓದಬಹುದು.

ಅದರ ಬಲ ಇರುವುದು ಪರಿಮಳದಲ್ಲಿ. ಬೋನ್ ಪಕ್ಕದ ವೋಲ್ನೆ ಎಂಬ ಹಳ್ಳಿಯ ವೈನನ್ನು ಲೋಟಕ್ಕೆ ಸುರಿದ ಕೂಡಲೇ ಮೂಗಿಗೆ ಹಿಡಿದರೆ ಚೆರಿ, ರಾಸ್‌ಬೆರಿ ಮೊದಲು ಬರುತ್ತವೆ. ಹದಿನೈದು ನಿಮಿಷ ಬಿಟ್ಟು ನೋಡಿ: ಗುಲಾಬಿ ದಳ, ಒದ್ದೆ ಎಲೆ, ಒಂದಿಷ್ಟು ಮೆಣಸು. ವಯಸ್ಸಾದ ವೈನಿನಲ್ಲಿ ಅಣಬೆಯ, ಮಳೆ ಬಿದ್ದ ಕಾಡಿನ ನೆಲದ ವಾಸನೆ. ನಾಲಿಗೆಯ ಮೇಲೆ ಭಾರವಿಲ್ಲ, ಆದರೆ ನುಂಗಿದ ಮೇಲೂ ರುಚಿ ಬಹಳ ಹೊತ್ತು ಉಳಿಯುತ್ತದೆ. ಒಂದೇ ಗುಟುಕಿನಲ್ಲಿ ಬೆಲೆ ಕಟ್ಟಬೇಡಿ. ಒಂದು ಲೋಟಕ್ಕೆ ಒಂದು ಗಂಟೆ ಕೊಡಿ. ಅಷ್ಟು ಸಮಯ ಕೊಟ್ಟ ಮೇಲೂ ನೀರು ನೀರಾಗಿಯೇ ಇದ್ದರೆ ಆ ಬಾಟಲಿ ನಿಜವಾಗಿಯೂ ಕಳಪೆ. ಬರ್ಗಂಡಿ ಎಂಬ ಹೆಸರಿನಲ್ಲಿ ಕಳಪೆ ವೈನ್ ಬೇಕಾದಷ್ಟು ಮಾರಾಟವಾಗುತ್ತದೆ.

ವೈನ್ ಎಂದರೆ ಕೆಂಪು, ಬಿಳಿಯದೇನಿದ್ದರೂ ಎರಡನೆಯ ದರ್ಜೆ ಅಲ್ಲವೇ?

ಬರ್ಗಂಡಿಯ ಮಟ್ಟಿಗೆ ಈ ಮಾತು ನಿಲ್ಲುವುದೇ ಇಲ್ಲ. ಇಲ್ಲಿ ಕೆಂಪಿಗಿಂತ ಬಿಳಿ ವೈನೇ ಹೆಚ್ಚು ತಯಾರಾಗುತ್ತದೆ. ಸುಮಾರು 8 ಹೆಕ್ಟೇರಿನ ಮೋಂರಾಶೆ ತೋಟದ ಬಿಳಿ ವೈನ್ ಜಗತ್ತಿನ ಅತಿ ದುಬಾರಿ ವೈನ್‌ಗಳ ಸಾಲಿನಲ್ಲಿದೆ. ಅದರ ಕೀರ್ತಿ ಎಷ್ಟೆಂದರೆ, ಆ ತೋಟವನ್ನು ಹಂಚಿಕೊಂಡ ಪುಲಿನ್ಯಿ ಮತ್ತು ಶಾಸಾನ್ಯ್ ಎಂಬ ಎರಡೂ ಹಳ್ಳಿಗಳು 1879ರಲ್ಲಿ ತಮ್ಮ ಹೆಸರಿನ ಬಾಲಕ್ಕೆ ಮೋಂರಾಶೆಯನ್ನು ಸೇರಿಸಿಕೊಂಡವು.

ಒಂದೇ ಶಾರ್ಡೊನೆ ಎಷ್ಟು ಬಗೆಯಲ್ಲಿ ಮಾತನಾಡುತ್ತದೆ ಎಂದು ತಿಳಿಯಲು ಷಾಬ್ಲಿಯ ಒಂದು ಬಾಟಲಿ, ಮರ್ಸೋ ಹಳ್ಳಿಯ ಒಂದು ಬಾಟಲಿ ತೆಗೆದು ಅಕ್ಕಪಕ್ಕ ಇಟ್ಟುಕೊಂಡು ಕುಡಿಯಬೇಕು. ಷಾಬ್ಲಿ ಬಹುಪಾಲು ಉಕ್ಕಿನ ತೊಟ್ಟಿಯಲ್ಲಿ ತಯಾರಾಗಿ ನಿಂಬೆ, ಹಸಿರು ಸೇಬು, ಒದ್ದೆ ಕಲ್ಲಿನ ನೆನಪು ತರುತ್ತದೆ. ಮರ್ಸೋ ಓಕ್ ಮರದ ಪೀಪಾಯಿಯಲ್ಲಿ ಕುಳಿತು ಬೆಣ್ಣೆ, ಹೇಝಲ್ ಬೀಜದ ಕಡೆಗೆ ವಾಲುತ್ತದೆ.

ಸಿಹಿ ಇರುತ್ತದೆಯೇ?

ಇಲ್ಲ. ಕ್ರಿಸ್‌ಮಸ್ ಹೊತ್ತಿಗೆ ಮಂಗಳೂರು, ಬೆಂಗಳೂರಿನ ಮನೆಗಳಲ್ಲಿ ಮಾಡುವ ದ್ರಾಕ್ಷಿ ವೈನ್ ಅಥವಾ ಗೋವಾದ ಪೋರ್ಟ್ ವೈನಿನ ಸಿಹಿಯನ್ನು ಎದುರುನೋಡಿದರೆ ನಿರಾಸೆಯಾಗುತ್ತದೆ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಬಹುತೇಕ ಪೂರ್ತಿ ತಿಂದು ಮುಗಿಸಿರುತ್ತದೆ. ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡಾ 12.5ರಿಂದ 13.5.

ನಾನು ಶುದ್ಧ ಸಸ್ಯಾಹಾರಿ. ವೈನಿನಲ್ಲಿ ಮೊಟ್ಟೆ, ಮೀನು ಹಾಕುತ್ತಾರಂತೆ, ನಿಜವೇ?

ಭಾಗಶಃ ನಿಜ. ವೈನನ್ನು ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬಳಸುತ್ತಾರೆ. ಅದು ಗಸಿಯನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಆಮೇಲೆ ವೈನನ್ನು ಮೇಲಿನಿಂದ ಬಸಿದುಕೊಳ್ಳುತ್ತಾರೆ. ಕೆಂಪು ಬರ್ಗಂಡಿಗೆ ಮೊಟ್ಟೆಯ ಬಿಳಿ ಬಳಸುವುದು ಹಳೆಯ ಪದ್ಧತಿ. ಬೆಂಟೋನೈಟ್ ಎಂಬ ಜೇಡಿಮಣ್ಣನ್ನು ಬಳಸುವವರೂ ಇದ್ದಾರೆ, ಏನನ್ನೂ ಬಳಸದೆ ವೈನ್ ತಾನಾಗಿ ತಿಳಿಯಾಗುವವರೆಗೆ ಕಾಯುವವರೂ ಇದ್ದಾರೆ. ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಯುರೋಪಿನ ನಿಯಮದಂತೆ ಲೇಬಲ್ ಮೇಲೆ ಹೇಳಬೇಕು. ಮೀನಿನ ಅಂಟಿಗೆ ಆ ಕಟ್ಟುಪಾಡಿಲ್ಲ. ಖಾತ್ರಿ ಬೇಕೆಂದರೆ ವೀಗನ್ ಎಂದು ನಮೂದಿಸಿದ ಬಾಟಲಿ ಕೊಳ್ಳಿ, ಅಥವಾ ತಯಾರಕರಿಗೇ ಬರೆದು ಕೇಳಿ. ಇದು ಕೇಳಬಾರದ ಪ್ರಶ್ನೆಯೇನಲ್ಲ.

## ಲೇಬಲ್, ದರ್ಜೆ, ಬೆಲೆ

ಗ್ರಾಂ ಕ್ರೂ, ಪ್ರಮಿಯೇ ಕ್ರೂ ಎಂದೆಲ್ಲ ಬರೆದಿರುತ್ತದೆ. ಏನಿದು?

ಇವು ನೆಲಕ್ಕೆ ಕೊಟ್ಟ ದರ್ಜೆಗಳು. ಬೋರ್ಡೋದ ಪ್ರಸಿದ್ಧ 1855ರ ಪಟ್ಟಿಯಲ್ಲಿ ಎಸ್ಟೇಟುಗಳಿಗೆ ದರ್ಜೆ. ಬರ್ಗಂಡಿಯಲ್ಲಿ ತೋಟದ ತುಂಡಿಗೇ ದರ್ಜೆ, ಅದರ ಮಾಲೀಕರು ಯಾರಾದರೂ ಸರಿ. 1930ರ ದಶಕದಲ್ಲಿ ಇದಕ್ಕೆ ಕಾನೂನಿನ ರೂಪ ಬಂತು.

ತಳದಲ್ಲಿರುವುದು ಬರೀ ಬೂರ್ಗೋಞ್ ಎಂಬ ಹೆಸರಿನ ಪ್ರಾದೇಶಿಕ ವೈನ್. ಒಟ್ಟು ಉತ್ಪಾದನೆಯ ಸುಮಾರು ಅರ್ಧ. ಅದರ ಮೇಲೆ ಹಳ್ಳಿಯ ಹೆಸರು ಹೊತ್ತವು: ಪೊಮಾರ್, ಮರ್ಸೋ, ಝೆವ್ರೆ-ಶಾಂಬರ್ತೆಂ ಹೀಗೆ. ಹಳ್ಳಿಯ ಹೆಸರಿನ ಜೊತೆ ಪ್ರಮಿಯೇ ಕ್ರೂ ಎಂದೂ, ಸಾಮಾನ್ಯವಾಗಿ ತೋಟದ ಹೆಸರೂ ಇದ್ದರೆ ಅದು ಮೂರನೆಯ ಮೆಟ್ಟಿಲು. ಸುಮಾರು ಶೇಕಡಾ 10. ತುದಿಯಲ್ಲಿ ಗ್ರಾಂ ಕ್ರೂ, ಶೇಕಡಾ 1ರ ಆಸುಪಾಸು. ಕೋತ್ ದೋರ್‌ನ ಗ್ರಾಂ ಕ್ರೂ ಲೇಬಲ್ ಮೇಲೆ ಹಳ್ಳಿಯ ಹೆಸರೇ ಇರುವುದಿಲ್ಲ, ತೋಟದ ಹೆಸರು ಮಾತ್ರ. ಒಟ್ಟು 33 ಗ್ರಾಂ ಕ್ರೂಗಳು: 32 ಕೋತ್ ದೋರ್‌ನಲ್ಲಿ, ಒಂದು ಷಾಬ್ಲಿಯಲ್ಲಿ.

ಹೊಸಬರು ಎಡವುವ ಜಾಗವೊಂದಿದೆ. ಶಾಂಬರ್ತೆಂ ಎಂಬುದು ಗ್ರಾಂ ಕ್ರೂ. ಝೆವ್ರೆ-ಶಾಂಬರ್ತೆಂ ಎಂಬುದು ಹಳ್ಳಿಯ ವೈನ್. 1847ರಲ್ಲಿ ಝೆವ್ರೆ ಹಳ್ಳಿ ತನ್ನ ಅತ್ಯುತ್ತಮ ತೋಟದ ಹೆಸರನ್ನು ತಾನೂ ಧರಿಸಿತು. ಒಂದು ಪದದ ವ್ಯತ್ಯಾಸಕ್ಕೆ ಬೆಲೆಯಲ್ಲಿ ಹಲವು ಪಟ್ಟು ಅಂತರ.

ಒಂದೇ ತೋಟದ ಹೆಸರು, ಆದರೆ ಬೇರೆ ಬೇರೆ ಬಾಟಲಿ, ಬೇರೆ ಬೇರೆ ಬೆಲೆ. ಯಾವುದು ಅಸಲಿ?

ಎಲ್ಲವೂ ಅಸಲಿ. ಕ್ಲೋ ದ ವೂಜೋ ತೋಟವನ್ನು ನೋಡೋಣ. ಸುತ್ತಲೂ ಕಲ್ಲಿನ ಗೋಡೆ, ಒಳಗೆ ಸುಮಾರು 50 ಹೆಕ್ಟೇರ್, ಪೂರ್ತಿ ಗ್ರಾಂ ಕ್ರೂ. ಮಧ್ಯಯುಗದಿಂದ ಸಿಸ್ಟರ್ಶಿಯನ್ ಸನ್ಯಾಸಿಗಳ ಒಡೆತನದಲ್ಲಿತ್ತು. ಫ್ರೆಂಚ್ ಕ್ರಾಂತಿಯಲ್ಲಿ ಚರ್ಚಿನ ಆಸ್ತಿಯನ್ನೆಲ್ಲ ಸರ್ಕಾರ ವಶಪಡಿಸಿಕೊಂಡು ಮಾರಿತು. 1889ರವರೆಗೂ ಒಬ್ಬರ ಕೈಯಲ್ಲೇ ಇದ್ದ ಆ ತೋಟಕ್ಕೆ ಇಂದು ಸುಮಾರು 80 ಮಾಲೀಕರು. ಕೆಲವರ ಪಾಲಿಗೆ ಬಂದಿರುವುದು ಬೆರಳೆಣಿಕೆಯ ಸಾಲುಗಳು.

ನೆಪೋಲಿಯನ್ 1804ರಲ್ಲಿ ಜಾರಿಗೆ ತಂದ ನಾಗರಿಕ ಸಂಹಿತೆ ಮಕ್ಕಳಿಗೆಲ್ಲ ಸಮಪಾಲು ಕೊಡಬೇಕು ಎಂದಿತು. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದು ಸರ್ವೆ ನಂಬರ್ ಹಿಸ್ಸೆ ಹಿಸ್ಸೆಯಾಗಿ ಒಡೆಯುತ್ತದಲ್ಲ, ಬರ್ಗಂಡಿಯ ತೋಟಗಳಿಗೂ ತಲೆಮಾರಿನಿಂದ ತಲೆಮಾರಿಗೆ ಅದೇ ಆಯಿತು.

ಈಗ ವೈನಿನ ವಿಷಯಕ್ಕೆ ಬನ್ನಿ. ವೂಜೋದ ಮೇಲ್ಭಾಗದಲ್ಲಿ ನೀರು ಚೆನ್ನಾಗಿ ಬಸಿದು ಹೋಗುವ ಸುಣ್ಣಕಲ್ಲಿನ ನೆಲ; ಹೆದ್ದಾರಿಗೆ ತಾಗಿದ ಕೆಳಭಾಗ ಸಮತಟ್ಟು, ಜೇಡಿ ಹೆಚ್ಚು, ನೀರು ನಿಲ್ಲುತ್ತದೆ. ದರ್ಜೆ ಮಾತ್ರ ಎರಡಕ್ಕೂ ಒಂದೇ. ಒಬ್ಬರು ಗೊನೆ ಕಡಿಮೆ ಬಿಟ್ಟು ರುಚಿ ಕೂಡಿಸುತ್ತಾರೆ, ಇನ್ನೊಬ್ಬರು ಇಳುವರಿ ನೋಡುತ್ತಾರೆ. ಲೇಬಲ್ ಮೇಲೆ ಅದೇ ದೊಡ್ಡ ಅಕ್ಷರ. ಮಾಡಿದವರ ಹೆಸರು ನೋಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಒಳ್ಳೆಯ ಬೆಳೆಗಾರರ ಹಳ್ಳಿ ದರ್ಜೆಯ ವೈನ್ ಸೋಮಾರಿಯ ಗ್ರಾಂ ಕ್ರೂವನ್ನು ಎಷ್ಟೋ ಸಲ ಮೀರಿಸುತ್ತದೆ.

ದೊಮೇನ್ ಎಂದೂ ಮೇಝೋಂ ಎಂದೂ ಇರುತ್ತದೆ. ವ್ಯತ್ಯಾಸವೇನು?

ದೊಮೇನ್ ಎಂದರೆ ಸ್ವಂತ ಬೆಳೆಯಿಂದ ಸ್ವಂತ ವೈನ್. ಮೇಝೋಂ ಎಂದು ಬರೆದುಕೊಳ್ಳುವವರು ಸಾಮಾನ್ಯವಾಗಿ ವರ್ತಕರು. ಇತರರಿಂದ ದ್ರಾಕ್ಷಿ ಅಥವಾ ವೈನ್ ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತಾರೆ. ಲೂಯಿ ಜಾದೋ, ಜೋಸೆಫ್ ದ್ರುಆಂ ಮುಂತಾದ ಬೋನ್‌ನ ಹಳೆಯ ಮನೆತನಗಳಿಗೆ ಸ್ವಂತ ತೋಟಗಳೂ ಇವೆ, ಕೊಳ್ಳುವ ವ್ಯಾಪಾರವೂ ಇದೆ. ವರ್ತಕರೆಂದರೆ ಕೀಳು ಎಂದುಕೊಳ್ಳಬೇಕಿಲ್ಲ. ಭಾರತದಲ್ಲಿ ಸುಲಭವಾಗಿ ಸಿಗುವುದು ಇವರ ಬಾಟಲಿಗಳೇ, ಗುಣಮಟ್ಟವೂ ನಂಬುವಂಥದ್ದು. ಷಾಬ್ಲಿಯ ಬೆಳೆಗಾರರ ಸಹಕಾರ ಸಂಘ ಲಾ ಷಾಬ್ಲಿಝಿಯೆನ್ 1923ರಿಂದ ಕೆಲಸ ಮಾಡುತ್ತಿದೆ. ಅದರ ವೈನ್ ಸಿಕ್ಕರೆ ಹಿಂಜರಿಯದೆ ಕೊಳ್ಳಿ.

ಮೊದಲ ಬಾಟಲಿಯಾಗಿ ಯಾವುದನ್ನು ಕೊಳ್ಳಲಿ?

ಪ್ರಸಿದ್ಧ ಹೆಸರುಗಳನ್ನು ಬಿಟ್ಟುಬಿಡಿ. ಬಿಳಿಗೆ ಮಾಕೋನೆಯ ಸೇಂ-ವೆರಾಂ ಅಥವಾ ವಿರೆ-ಕ್ಲೆಸ್ಸೆ. ಬಿಸಿಲು ಉಂಡ ಶಾರ್ಡೊನೆ, ಬೆಲೆ ಹಗುರ. ಕೆಂಪಿಗೆ ಕೋತ್ ಶಾಲೋನೇಸ್‌ನ ಮರ್ಕ್ಯುರೆ ಅಥವಾ ಜಿವ್ರಿ. ಎರಡನೆಯ ಸುತ್ತಿಗೆ ಕೋತ್ ದೋರ್‌ನಲ್ಲೇ ಅಷ್ಟಾಗಿ ಗದ್ದಲವಿಲ್ಲದ ಹಳ್ಳಿಗಳಾದ ಮಾರ್ಸನೆ, ಸಾವಿನ್ಯಿ, ಸಾಂತನೆ, ಸೇಂ-ಒಬಾಂ. ಹೆಸರಾಂತ ಬೆಳೆಗಾರರು ಮಾಡಿದ ಬರೀ ಬೂರ್ಗೋಞ್ ಎಂಬ ತಳದ ದರ್ಜೆಯ ಬಾಟಲಿಯನ್ನೂ ಮರೆಯಬೇಡಿ. ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆ ಎಂಬುದರಲ್ಲಿ ಅವರ ನಿಯತ್ತು ಕಾಣುತ್ತದೆ.

ಮೊದಲನೆಯದಕ್ಕೇ ಗ್ರಾಂ ಕ್ರೂ ಕೊಳ್ಳುವುದು ಹಣ ದಂಡ. ಹೋಲಿಸಿ ನೋಡಲು ನಾಲಿಗೆಗೆ ಏನೂ ಇರುವುದಿಲ್ಲ, ಸಾಲದ್ದಕ್ಕೆ ಆ ವೈನ್ ಇನ್ನೂ ಹತ್ತು ವರ್ಷ ಕಾಯಬೇಕಾದದ್ದಾಗಿರುತ್ತದೆ.

ಕೆಲವು ಬಾಟಲಿಗೆ ಲಕ್ಷಗಟ್ಟಲೆ ಕೊಡುತ್ತಾರಲ್ಲ, ಅದರಲ್ಲಿ ಅಂಥದ್ದೇನಿದೆ?

ನೆಲ ಕಡಿಮೆ, ಬೇಡುವವರು ಬಹಳ. ರೊಮಾನೆ-ಕೋಂತಿ ತೋಟದ ವಿಸ್ತಾರ 1.8 ಹೆಕ್ಟೇರ್, ಅಂದರೆ ನಾಲ್ಕೂವರೆ ಎಕರೆ. ವರ್ಷಕ್ಕೆ ಕೆಲವೇ ಸಾವಿರ ಬಾಟಲಿ, ಇಡೀ ಜಗತ್ತಿಗೆ. ಅದರ 1945ರ ಒಂದು ಬಾಟಲಿ 2018ರ ಹರಾಜಿನಲ್ಲಿ 5,58,000 ಡಾಲರ್‌ಗೆ ಹೋಯಿತು. ಬೇರು ತಿನ್ನುವ ಫಿಲಾಕ್ಸೆರ ಕೀಟದ ಕಾಟದಲ್ಲಿ 19ನೇ ಶತಮಾನದ ಕೊನೆಗೆ ಫ್ರಾನ್ಸಿನ ಬಹುಪಾಲು ತೋಟಗಳು ಅಮೆರಿಕದ ಬೇರಿಗೆ ಕಸಿ ಕಟ್ಟಿಸಿಕೊಂಡವು. ಈ ತೋಟ ಹಳೆಯ ಬೇರನ್ನೇ ಉಳಿಸಿಕೊಂಡು 1945ರಲ್ಲಿ ಕೊನೆಯ ಕೊಯ್ಲು ಕೊಟ್ಟಿತು. ಬಳ್ಳಿ ಕಿತ್ತು ಮರುನಾಟಿ ಮಾಡಿದ ಮೇಲೆ 1952ರವರೆಗೆ ವೈನ್ ಇಲ್ಲ.

ಈ ಬೆಲೆ ರುಚಿಗೆ ಕೊಡುವ ಬೆಲೆ ಎಂದು ನಾನು ನಂಬುವುದಿಲ್ಲ. ಒಂದು ಮಟ್ಟದ ಮೇಲೆ ಜನ ಕೊಳ್ಳುವುದು ಅಪರೂಪವನ್ನು. ಇದರಿಂದ ನೆಲದ ಬೆಲೆ ಏರಿ, ತಂದೆ ತೀರಿಕೊಂಡಾಗ ಉತ್ತರಾಧಿಕಾರ ತೆರಿಗೆ ಕಟ್ಟಲಾಗದೆ ಕುಟುಂಬಗಳು ತೋಟ ಮಾರುವ ಸ್ಥಿತಿ ಬಂದಿದೆ. ಇದು ನನಗೆ ನೋವಿನ ವಿಷಯ.

ಬೋಜೋಲೆಯೂ ಬರ್ಗಂಡಿಯೇ ಅಲ್ಲವೇ?

ಪಕ್ಕದ್ದು, ಆದರೆ ಬೇರೆ. ಅಲ್ಲಿ ಗಾಮೇ ದ್ರಾಕ್ಷಿ, ಮುಖ್ಯ ತೋಟಗಳಲ್ಲಿ ಗ್ರಾನೈಟ್ ನೆಲ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಗಾಮೇ ಬಳ್ಳಿಯನ್ನು ತನ್ನ ಸೀಮೆಯಿಂದ ಕಿತ್ತೆಸೆಯಲು ಆಜ್ಞೆ ಹೊರಡಿಸಿದ್ದ. ದಕ್ಷಿಣದ ಬೋಜೋಲೆಯಲ್ಲಿ ಅದು ನೆಲೆ ನಿಂತಿತು.

ಭಾರತಕ್ಕೆ ಬರುವಾಗ ಎಷ್ಟು ಬಾಟಲಿ ತರಬಹುದು?

ಸುಂಕವಿಲ್ಲದೆ ಪ್ರಯಾಣಿಕರಿಗೆ ತಲಾ 2 ಲೀಟರ್ ಮದ್ಯ. 750 ಮಿಲಿಲೀಟರಿನ ಎರಡು ಬಾಟಲಿ ಎಂದು ಲೆಕ್ಕ ಇಟ್ಟುಕೊಳ್ಳಿ. ಹೊರಡುವ ಮುನ್ನ ನಿಯಮವನ್ನು ಒಮ್ಮೆ ನೋಡಿಕೊಳ್ಳಿ. ಕೈಚೀಲದಲ್ಲಿ ಬಿಡುವುದಿಲ್ಲ, ದಪ್ಪ ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಡಿ.

## ಲೋಟ, ಊಟ, ಕಪಾಟು

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕಂತೆ, ಹೌದೇ?

ಆ ಮಾತು ಹುಟ್ಟಿದ್ದು ಚಳಿ ದೇಶದ ಕಲ್ಲಿನ ಮನೆಗಳಲ್ಲಿ. ಕೆಂಪು ಬರ್ಗಂಡಿಗೆ 14ರಿಂದ 16 ಡಿಗ್ರಿ ಸೆಲ್ಸಿಯಸ್ ಹಿತ. ಕಲಬುರಗಿಯ ಬೇಸಿಗೆಯಲ್ಲಿರಲಿ, ಬೆಂಗಳೂರಿನ ಸಂಜೆಯಲ್ಲೂ ಅದು ಸಿಗದು. ಕುಡಿಯುವ ಮುನ್ನ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಡಿ. ಬಿಳಿಯನ್ನು ಇದಕ್ಕೆ ವಿರುದ್ಧವಾಗಿ ಫ್ರಿಜ್‌ನಿಂದ ಹತ್ತು ಹದಿನೈದು ನಿಮಿಷ ಮೊದಲೇ ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಲೋಟ ಹೊಟ್ಟೆ ದೊಡ್ಡದಾಗಿ ಬಾಯಿ ಕಿರಿದಾಗಿರಲಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

ನಮ್ಮ ಊಟದ ಜೊತೆ ಹೊಂದುತ್ತದೆಯೇ?

ಕೆಲವದರ ಜೊತೆ ಬಹಳ ಚೆನ್ನಾಗಿ. ಷಾಬ್ಲಿಯ ಜೊತೆ ಅಲ್ಲಿಯವರು ಕಪ್ಪೆಚಿಪ್ಪಿನ ಬಗೆಯ ಹಸಿ ಸಿಂಪಿ ತಿನ್ನುತ್ತಾರೆ. ಕರಾವಳಿಯ ರವೆ ಹಚ್ಚಿ ಹುರಿದ ಕಾಣೆ ಮೀನಿಗೂ ಅದೇ ನಿಂಬೆಯಂಥ ಹುಳಿ ಒಗ್ಗುತ್ತದೆ, ಖಾರ ಮಿತವಾಗಿದ್ದರೆ. ತೆಂಗಿನಹಾಲಿನ ಸ್ಟೂ, ತರಕಾರಿ ಸಾಗು, ಪನೀರ್, ಬೆಣ್ಣೆ ಹಾಕಿದ ಅಡುಗೆಗೆ ಮಾಕೋನೆಯ ಬಿಳಿ. ಅಣಬೆಯ ಪಲ್ಯ ಅಥವಾ ಅಣಬೆಯ ಪುಲಾವ್ ಎದುರಿಗೆ ಪಿನೋ ನ್ವಾರ್ ಇಟ್ಟು ನೋಡಿ, ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ.

ಗುಂಟೂರು ಮೆಣಸಿನಕಾಯಿಯ ಖಾರ, ಹುಣಸೆಹಣ್ಣಿನ ಸಾರು, ಉಪ್ಪಿನಕಾಯಿ ಇವುಗಳ ಮುಂದೆ ಕೆಂಪು ಬರ್ಗಂಡಿ ಸೋಲುತ್ತದೆ. ಪಂದಿ ಕರಿಗೂ ಅಷ್ಟೇ. ಕೊಡಗಿನ ಕಾಚಂಪುಳಿಯ ಕಡು ಹುಳಿ ವೈನನ್ನು ಮುಗಿಸಿಬಿಡುತ್ತದೆ. ದುಬಾರಿ ಬಾಟಲಿಯಿದ್ದರೆ ಅಡುಗೆಯ ಮಸಾಲೆ ಇಳಿಸಿ, ಇಲ್ಲವೇ ಬಾಟಲಿಯನ್ನು ಇನ್ನೊಂದು ದಿನಕ್ಕೆ ಎತ್ತಿಡಿ.

ಬೆಂಗಳೂರಿನ ಫ್ಲಾಟ್‌ನಲ್ಲಿ ಕೆಲವು ವರ್ಷ ಇಟ್ಟು ಹಳತಾಗಿಸಬಹುದೇ?

ಬೇಡ. ವೈನ್ ಕಾಯುವುದು 12–14 ಡಿಗ್ರಿಯಲ್ಲಿ, ಕತ್ತಲಲ್ಲಿ, ಏರುಪೇರಿಲ್ಲದ ಜಾಗದಲ್ಲಿ. ಅಡುಗೆಮನೆಯ ಕಪಾಟಿನಲ್ಲಿ ಎರಡು ಬೇಸಿಗೆ ಕಳೆದ ಪಿನೋ ನ್ವಾರ್‌ನಲ್ಲಿ ಬೇಯಿಸಿದ ಹಣ್ಣಿನ ವಾಸನೆ ಬರುತ್ತದೆ. ವೈನ್‌ಗೆಂದೇ ಇರುವ ತಂಪುಪೆಟ್ಟಿಗೆ ಇಲ್ಲದಿದ್ದರೆ ತಂದ ಕೆಲವು ತಿಂಗಳೊಳಗೆ ಕುಡಿದು ಮುಗಿಸಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಮಣ್ಣಿನ ರುಚಿ ವೈನಿಗೆ ಬರುತ್ತದೆ ಎನ್ನುವುದು ನಿಜವೋ, ಮಾರಾಟದ ಮಾತೋ?

ಕಲ್ಲಿನ ರುಚಿಯನ್ನು ಬೇರು ಹೀರಿ ನೇರವಾಗಿ ದ್ರಾಕ್ಷಿಗೆ ತುಂಬುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಷಾಬ್ಲಿಯ ಗ್ರಾಂ ಕ್ರೂ ಇಳಿಜಾರಿನಲ್ಲಿ ಒಂದು ಕಲ್ಲು ಎತ್ತಿ ನೋಡಿದರೆ ಅಲ್ಪವಿರಾಮ ಚಿಹ್ನೆಯ ಆಕಾರದ ಪುಟ್ಟ ಸಿಂಪಿಗಳ ಪಳೆಯುಳಿಕೆ ಕಾಣುತ್ತದೆ; ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು. ಹಾಗೆಂದು ವೈನಿನಲ್ಲಿ ಸಿಂಪಿಯ ರುಚಿ ಆ ಕಲ್ಲಿನಿಂದ ಬಂತು ಎನ್ನಲಾಗದು.

ಆದರೆ ನೆಲದ ಪ್ರಭಾವ ಸುಳ್ಳಲ್ಲ. ಅದು ನೀರು ಮತ್ತು ಶಾಖದ ಮೂಲಕ ಕೆಲಸ ಮಾಡುತ್ತದೆ. ಕೋತ್ ದೋರ್‌ನ ಇಳಿಜಾರು ಬಹುಪಾಲು ಪೂರ್ವ, ಆಗ್ನೇಯಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ತೀರಾ ಮೇಲೆ ಮಣ್ಣು ತೆಳು, ಗಾಳಿ ತಂಪು. ತೀರಾ ಕೆಳಗೆ ಮಣ್ಣು ಆಳ, ನೀರು ಹೆಚ್ಚು, ಹಿಮ ಕೂರುತ್ತದೆ. ನಡುವಿನ ಪಟ್ಟಿಯಲ್ಲಿ ಬಳ್ಳಿಗೆ ಬೇಕಾದಷ್ಟೇ ನೀರು, ಬೇಕಾದಷ್ಟೇ ಬಿಸಿಲು; ಗ್ರಾಂ ಕ್ರೂಗಳು ಬಹುತೇಕ ಅಲ್ಲಿಯೇ ಇವೆ. ಡಿ974 ಎಂಬ ರಸ್ತೆಯಲ್ಲಿ ದಿಜೋಂನಿಂದ ಬೋನ್ ಕಡೆಗೆ ಹೋಗುವಾಗ ಬಲಕ್ಕೆ ಏರುವ ತೋಟಗಳೆಲ್ಲ ಹೆಸರುವಾಸಿ. ಎಡಕ್ಕಿರುವ ಸಮತಟ್ಟಿನ ತೋಟಗಳು ಹೆಚ್ಚಿನವು ಪ್ರಾದೇಶಿಕ ದರ್ಜೆಯವು. ಒಂದು ಡಾಂಬರು ರಸ್ತೆಯ ಅಗಲಕ್ಕೆ ಇಷ್ಟು ವ್ಯತ್ಯಾಸ.

ಇಷ್ಟು ಚಿಕ್ಕ ಚಿಕ್ಕ ತುಂಡುಗಳನ್ನು ಯಾರು, ಯಾವಾಗ ಗುರುತಿಸಿದರು?

ಬಹುಪಾಲು ಕ್ರೈಸ್ತ ಸನ್ಯಾಸಿಗಳು. 1098ರಲ್ಲಿ ಸೀತೋ ಎಂಬಲ್ಲಿ ಸ್ಥಾಪನೆಯಾದ ಮಠದಿಂದ ಸಿಸ್ಟರ್ಶಿಯನ್ ಪಂಥ ಬೆಳೆಯಿತು. ಮೈಮುರಿದು ದುಡಿಯುವುದು ಅವರ ವ್ರತದ ಭಾಗ. ದಾನವಾಗಿ ಬಂದ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದು, ಯಾವ ತುಂಡಿನ ಹಣ್ಣು ಮೊದಲು ಮಾಗುತ್ತದೆ, ಯಾವುದರ ವೈನ್ ಹೆಚ್ಚು ಕಾಲ ನಿಲ್ಲುತ್ತದೆ ಎಂದು ಗಮನಿಸಿ ಗೋಡೆ ಕಟ್ಟಿ ಬೇರ್ಪಡಿಸಿದರು. ಅವರು ಮಣ್ಣನ್ನು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದರು ಎಂಬುದು ದಂತಕಥೆ. ಹೆಸರು, ಗಡಿ, ಚರಿತ್ರೆ ಇರುವ ಇಂಥ ತುಂಡನ್ನು ಕ್ಲಿಮಾ ಎನ್ನುತ್ತಾರೆ. ದಿಜೋಂ ಮತ್ತು ಬೋನ್ ಸೀಮೆಯ 1,247 ಕ್ಲಿಮಾಗಳು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಅಲ್ಲಿಗೆ ಹೋದರೆ ಏನನ್ನು ತಪ್ಪದೆ ನೋಡಬೇಕು?

ಬೋನ್‌ನ ಓತೆಲ್-ದಿಯೂ. 1443ರಲ್ಲಿ ಬರ್ಗಂಡಿಯ ದೊರೆಯ ಮಹಾಮಂತ್ರಿ ನಿಕೊಲಾ ರೊಲಾಂ ಮತ್ತು ಅವನ ಹೆಂಡತಿ ಗಿಗೋನ್ ದ ಸಲಾಂ ಬಡರೋಗಿಗಳಿಗಾಗಿ ಕಟ್ಟಿಸಲು ತೊಡಗಿದ ಆಸ್ಪತ್ರೆ. ಬಣ್ಣದ ಹೆಂಚಿನ ಆ ಕಟ್ಟಡದಲ್ಲಿ 1971ರವರೆಗೂ ಚಿಕಿತ್ಸೆ ನಡೆಯಿತು. ಭಕ್ತರು ದಾನ ಕೊಟ್ಟ ಸುಮಾರು 60 ಹೆಕ್ಟೇರ್ ತೋಟ ಆಸ್ಪತ್ರೆಗಿದೆ. ಪ್ರತಿ ನವೆಂಬರಿನ ಮೂರನೇ ಭಾನುವಾರ ಹೊಸ ವೈನನ್ನು 228 ಲೀಟರಿನ ಪೀಪಾಯಿಗಳಲ್ಲೇ ಹರಾಜು ಹಾಕುತ್ತಾರೆ. 1859ರಲ್ಲಿ ಆರಂಭವಾದ ಈ ಹರಾಜಿನ ಹಣದಿಂದ ಊರಿನ ಈಗಿನ ಆಸ್ಪತ್ರೆಗೂ ನೆರವು ಸಿಗುತ್ತದೆ.

ಆಮೇಲೆ ವೋನ್-ರೊಮಾನೆ ಹಳ್ಳಿಯ ಹಿಂಬದಿಯ ಕಾಲುದಾರಿ ಹಿಡಿದು ಮೇಲೆ ನಡೆಯಿರಿ. ತಗ್ಗಾದ ಕಲ್ಲುಗೋಡೆ, ಒಂದು ಕಲ್ಲಿನ ಶಿಲುಬೆ, ತೋಟದೊಳಗೆ ಕಾಲಿಡಬೇಡಿ ಎಂದು ವಿನಯದಿಂದ ಕೋರುವ ಫಲಕ: ಅದೇ ರೊಮಾನೆ-ಕೋಂತಿ. ಟಿಕೆಟ್ ಇಲ್ಲ, ಬೇಲಿ ಇಲ್ಲ. ಗೋಡೆಯಾಚೆ ಕೈ ಚಾಚಿ ಮಣ್ಣನ್ನಾಗಲಿ ದ್ರಾಕ್ಷಿಯನ್ನಾಗಲಿ ತೆಗೆಯಬೇಡಿ.

ಬಾಟಲಿಯ ಮೇಲಿನ ವರ್ಷ ಎಷ್ಟು ಮುಖ್ಯ?

ಬಿಸಿಲ ನಾಡಿನ ವೈನಿಗಿಂತ ಬಹಳ ಹೆಚ್ಚು ಮುಖ್ಯ. ಏಪ್ರಿಲಿನ ಹಿಮ, ಜುಲೈನ ಆಲಿಕಲ್ಲು, ಸೆಪ್ಟೆಂಬರಿನ ಮಳೆ, ಯಾವುದು ಬೇಕಾದರೂ ವರ್ಷದ ದುಡಿಮೆಯನ್ನು ಕಸಿಯಬಹುದು. 2021ರ ಮಾರ್ಚ್ ಬೆಚ್ಚಗಿದ್ದು ಚಿಗುರು ಬೇಗ ಒಡೆಯಿತು, ಏಪ್ರಿಲಿನಲ್ಲಿ ಹಿಮ ಬಂದು ಅದನ್ನು ಸುಟ್ಟಿತು. ಅಂಥ ರಾತ್ರಿಗಳಲ್ಲಿ ಬೆಳೆಗಾರರು ಸಾಲುಗಳ ನಡುವೆ ದೊಡ್ಡ ಮೇಣದ ಡಬ್ಬಿಗಳನ್ನು ಹೊತ್ತಿಸುತ್ತಾರೆ. ಷಾಬ್ಲಿಯಲ್ಲಿ ಚಿಗುರಿನ ಮೇಲೆ ನೀರು ಸಿಂಪಡಿಸುವುದೂ ಉಂಟು. ನೀರು ಮಂಜುಗಟ್ಟುವಾಗ ಬಿಡುವ ಶಾಖ ಚಿಗುರನ್ನು ಕಾಯುತ್ತದೆ. 2015, 2019, 2020 ಬಿಸಿಲಿನ ವರ್ಷಗಳು, ವೈನ್ ತುಂಬಿಕೊಂಡಿರುತ್ತದೆ. 2021ರದ್ದು ಹಗುರ, ಹಳೆಯ ಕಾಲದ ಹದ. ಅದನ್ನು ಮೊದಲು ಕುಡಿದು ಮುಗಿಸಿ.

ಹಳೆಯ ಬಿಳಿ ಬರ್ಗಂಡಿ ಕೊಂಡೆ, ಬಣ್ಣ ಕಂದು, ಸಪ್ಪೆ. ಅಂಗಡಿಯವರು ಮೋಸ ಮಾಡಿದರೇ?

ಮೋಸವೇ ಆಗಿರಬೇಕಿಲ್ಲ. 1990ರ ದಶಕದ ನಡುವಿನ ಬೆಳೆಗಳಿಂದ ಮೊದಲ್ಗೊಂಡು ಬಿಳಿ ಬರ್ಗಂಡಿಯ ಎಷ್ಟೋ ಬಾಟಲಿಗಳು ಅಕಾಲದಲ್ಲಿ ಮುದಿಯಾಗತೊಡಗಿದವು. ಒಂದೇ ಪೆಟ್ಟಿಗೆಯ ಒಂದು ಬಾಟಲಿ ಚೆನ್ನ, ಪಕ್ಕದ್ದು ಹಾಳು. ಕಾರ್ಕ್‌ನ ದೋಷ, ವೈನ್ ಕೆಡದಂತೆ ಹಾಕುವ ಗಂಧಕದ ಪ್ರಮಾಣ ಇಳಿಸಿದ್ದು, ರಸವನ್ನು ಅತಿ ಮೃದುವಾಗಿ ಹಿಂಡಿದ್ದು, ಹೀಗೆ ಕಾರಣಗಳ ಬಗ್ಗೆ ವಾದ ಮುಗಿದಿಲ್ಲ. ಕಾರ್ಕ್ ಮತ್ತು ಹಿಂಡುವ ರೀತಿಯನ್ನು ಹಲವರು ಬದಲಿಸಿಕೊಂಡಿದ್ದಾರೆ. ಆದರೂ ಹತ್ತು ವರ್ಷ ಮೀರಿದ ಬಿಳಿ ಬಾಟಲಿಗೆ ದೊಡ್ಡ ಹಣ ಸುರಿಯಬೇಡಿ ಎಂಬುದು ನನ್ನ ಸಲಹೆ.

ನಕಲಿ ಬಾಟಲಿಗಳ ಕಥೆ ಕೇಳಿದ್ದೇನೆ. ನಾನು ಹೆದರಬೇಕೇ?

ಸಾಮಾನ್ಯ ಬೆಲೆಯ ಬಾಟಲಿಯನ್ನು ನಕಲು ಮಾಡುವುದರಿಂದ ಹೆಚ್ಚಿನ ಲಾಭವಿಲ್ಲ. ನಕಲು ನಡೆಯುವುದು ಹರಾಜಿನ ಅಪರೂಪದ ಬಾಟಲಿಗಳಲ್ಲಿ. 2008ರಲ್ಲಿ ನ್ಯೂಯಾರ್ಕ್‌ನ ಹರಾಜೊಂದಕ್ಕೆ ಪೋಂಸೋ ಮನೆತನದ ಕ್ಲೋ ಸೇಂ-ದೆನಿ ವೈನಿನ 1940, 50, 60ರ ದಶಕದ ಬಾಟಲಿಗಳು ಬಂದವು. ಆ ಮನೆತನ ಆ ವೈನ್ ಮಾಡಲು ಶುರು ಮಾಡಿದ್ದೇ 1980ರ ದಶಕದಲ್ಲಿ. ಲೋರಾಂ ಪೋಂಸೋ ಸ್ವತಃ ಹೋಗಿ ಅವುಗಳ ಮಾರಾಟ ನಿಲ್ಲಿಸಿದರು. ಅವುಗಳನ್ನು ತಂದಿದ್ದ ರೂಡಿ ಕುರ್ನಿಯವಾನ್‌ಗೆ 2014ರಲ್ಲಿ ಅಮೆರಿಕದ ನ್ಯಾಯಾಲಯ 10 ವರ್ಷ ಜೈಲು ವಿಧಿಸಿತು.

ನಂದಿ ಬೆಟ್ಟದ ಸುತ್ತ ದ್ರಾಕ್ಷಿ ಚೆನ್ನಾಗಿ ಬರುತ್ತದೆ. ಅಲ್ಲಿ ಪಿನೋ ನ್ವಾರ್ ಬೆಳೆಸಿ ಬರ್ಗಂಡಿಯಂಥ ವೈನ್ ಮಾಡಲಾಗದೇ?

ಬಳ್ಳಿ ಬೆಳೆದೀತು, ಆ ವೈನ್ ಬಾರದು. ಬರ್ಗಂಡಿಯಲ್ಲಿ ಬಳ್ಳಿ ಚಳಿಗಾಲವಿಡೀ ನಿದ್ದೆ ಹೋಗುತ್ತದೆ, ವಸಂತದಲ್ಲಿ ಚಿಗುರಿ ಶರತ್ತಿನ ಹೊಸ್ತಿಲಲ್ಲಿ ಹಣ್ಣಾಗುತ್ತದೆ. ನಮ್ಮಲ್ಲಿ ಆ ನಿದ್ದೆಯೇ ಇಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ ಬೇಸಿಗೆಯ ಮುಂಚೆ ಕೊಯ್ಯುತ್ತಾರೆ. ಪಿನೋ ನ್ವಾರ್ ತಂಪಿನಲ್ಲಿ ನಿಧಾನವಾಗಿ ಮಾಗಬೇಕಾದ ದ್ರಾಕ್ಷಿ. ಬಿಸಿಲು ಹೆಚ್ಚಾದರೆ ಸಕ್ಕರೆ ಓಡುತ್ತದೆ, ಪರಿಮಳ ಹಿಂದೆ ಉಳಿಯುತ್ತದೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಶಿರಾಜ್, ಕ್ಯಾಬರ್ನೆ ಸೊವಿನ್ಯೋ ಚೆನ್ನಾಗಿ ಒಗ್ಗಿಕೊಂಡಿವೆ. ಅಲ್ಲಿಯ ನೆಲ ತನ್ನದೇ ವೈನ್ ಕೊಡಲಿ.

ಭೂಮಿ ಬಿಸಿಯಾದರೆ ಬರ್ಗಂಡಿಯ ಗತಿಯೇನು?

ಬದಲಾವಣೆ ಈಗಾಗಲೇ ಲೆಕ್ಕಕ್ಕೆ ಸಿಕ್ಕಿದೆ. ಬೋನ್‌ನಲ್ಲಿ ದ್ರಾಕ್ಷಿ ಕೊಯ್ಲು ಶುರುವಾದ ದಿನಾಂಕಗಳ ದಾಖಲೆಯನ್ನು ಇತಿಹಾಸಕಾರರು 1354ರಿಂದ 2018ರವರೆಗೆ ಜೋಡಿಸಿದ್ದಾರೆ. 1987ರವರೆಗೆ ಸರಾಸರಿ ಸೆಪ್ಟೆಂಬರ್ 28ಕ್ಕೆ ಕೊಯ್ಲು. 1988ರಿಂದ ಈಚೆಗೆ ಅದು ಸರಾಸರಿ 13 ದಿನ ಮೊದಲೇ ಶುರುವಾಗಿದೆ. ಕೆಲವು ವರ್ಷ ಆಗಸ್ಟಿನಲ್ಲೇ ಕತ್ತರಿ ಹಿಡಿಯುತ್ತಾರೆ. ಮಾಗಲಿಲ್ಲ ಎಂದು ರಸಕ್ಕೆ ಸಕ್ಕರೆ ಸೇರಿಸುತ್ತಿದ್ದ ಬೆಳೆಗಾರರು ಈಗ ಆಲ್ಕೋಹಾಲ್ ಏರಿತು, ಹುಳಿ ಇಳಿಯಿತು ಎಂದು ಚಿಂತಿಸುತ್ತಾರೆ.

ಅವರು ಸುಮ್ಮನೆ ಕೂತಿಲ್ಲ. ಗೊನೆಯ ಮೇಲೆ ನೆರಳು ಬೀಳುವಂತೆ ಎಲೆ ಉಳಿಸುತ್ತಾರೆ, ನಸುಕಿನಲ್ಲಿ ಕೊಯ್ಯುತ್ತಾರೆ, ಶಾಖ ತಡೆಯುವ ಬೇರಿನ ತಳಿಗಳನ್ನು ಪರೀಕ್ಷಿಸುತ್ತಾರೆ. ಹುಳಿ ಜಾಸ್ತಿ ಎಂದು ಮೂಲೆಗೆ ತಳ್ಳಿದ್ದ ಅಲಿಗೋತೆಗೆ ಆ ಹುಳಿಯಿಂದಲೇ ಮತ್ತೆ ಬೆಲೆ ಬಂದಿದೆ. ಬೂಝೆರೋಂ ಹಳ್ಳಿಯದನ್ನು ಹುಡುಕಿ ನೋಡಿ. ಬೆಟ್ಟದ ಮೇಲಿನ ಓತ್-ಕೋತ್ ಸೀಮೆಯಲ್ಲಿ ಹಿಂದೆ ಎಷ್ಟೋ ವರ್ಷ ದ್ರಾಕ್ಷಿ ಮಾಗುತ್ತಲೇ ಇರಲಿಲ್ಲ. ಈಗ ಅಲ್ಲಿನ ಕೆಂಪು ವೈನ್ ಚೊಕ್ಕವಾಗಿ, ತಾಜಾ ಆಗಿ ಬರುತ್ತಿದೆ. ಬೆಲೆ ಇನ್ನೂ ಕೈಗೆಟುಕುತ್ತದೆ, ಏರುವ ಮುಂಚೆ ಕೊಳ್ಳಿ.